ಓದುಗರ ಪ್ರಶ್ನೆಗೆ ಉತ್ತರ: ಕಾಡು ಅಳೆಯುವವರ ಕೆಲಸವನ್ನು ಅಳೆಯುವುದು ಹೇಗೆ?

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ನಾಲ್ಕಕ್ಕಷ್ಟೇ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿನಾರಿಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅವರ ಸಂಶೋಧನೆಯನ್ನು ಆರಿಸಿಕೊಂಡಿದ್ದೇನೆ. ಅಂತರಜಾಲದಲ್ಲಿ ಹುಡುಕಿದಾಗ ಅವರ ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಸಂಖ್ಯೆ, ಎಚ್-ಇಂಡೆಕ್ಸ್ ಎಲ್ಲವೂ ಸಿಕ್ಕವು, ಆದರೆ ಒಂದೊಂದು ಕಡೆ ಒಂದೊಂದು ಅಂಕಿ ಇದೆ. ಇವುಗಳ ಅರ್ಥವೇನು ಸರ್? ಇಷ್ಟನ್ನು ಹೇಳಿದರೆ ಅವರ ಕೆಲಸವನ್ನು ಹೇಳಿದಂತಾಗುತ್ತದೆಯೇ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮೊದಲು ಎಚ್-ಇಂಡೆಕ್ಸನ್ನು ಬಿಡಿಸಿಕೊಳ್ಳೋಣ. ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಲೆಕ್ಕ ಅದು. ಒಬ್ಬ ಸಂಶೋಧಕರ ಪ್ರಬಂಧಗಳನ್ನು, ಬೇರೆಯವರು ಹೆಚ್ಚು ಸಲ ಉಲ್ಲೇಖಿಸಿದ್ದು ಮೊದಲು, ಕಡಿಮೆ ಸಲ ಉಲ್ಲೇಖಿಸಿದ್ದು ಕೊನೆಗೆ ಬರುವಂತೆ ಸಾಲಾಗಿ ಇಡಬೇಕು. ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 5, 3 ಮತ್ತು 1 ಉಲ್ಲೇಖ ಬಂದಿವೆ ಎಂದಿಟ್ಟುಕೊಳ್ಳಿ. ಮೂರನೆಯ ಪ್ರಬಂಧಕ್ಕೆ 5 ಉಲ್ಲೇಖಗಳಿವೆ, ಅದು ಮೂರಕ್ಕಿಂತ ಕಡಿಮೆಯಿಲ್ಲ. ನಾಲ್ಕನೆಯದಕ್ಕೆ ಮೂರೇ ಇವೆ, ನಾಲ್ಕು ಮುಟ್ಟಲಿಲ್ಲ. ಆದ್ದರಿಂದ ಇವರ ಎಚ್-ಇಂಡೆಕ್ಸ್ ಮೂರು. ಮೊದಲ ಪ್ರಬಂಧವನ್ನು ನಲವತ್ತರ ಬದಲು ನಾಲ್ಕು ಸಾವಿರ ಮಂದಿ ಉಲ್ಲೇಖಿಸಿದ್ದರೂ ಈ ಸಂಖ್ಯೆ ಮೂರರಲ್ಲಿಯೇ ನಿಲ್ಲುತ್ತಿತ್ತು ಎಂಬುದನ್ನು ಗಮನಿಸಿ. ಅಂದರೆ ಒಂದೇ ಒಂದು ದೊಡ್ಡ ಕೆಲಸಕ್ಕಿಂತ ಮೇಲಿಂದ ಮೇಲೆ ಬರುವ ಮಧ್ಯಮ ಗಾತ್ರದ ಕೆಲಸಗಳನ್ನು ಇದು ಹೆಚ್ಚು ಮೆಚ್ಚುತ್ತದೆ.

ಅಂಕಿಗಳು ಬೇರೆ ಬೇರೆಯಾಗಿ ಕಾಣುವುದಕ್ಕೆ ಕಾರಣ ಸರಳ. ಉಲ್ಲೇಖಗಳನ್ನು ಎಣಿಸುವ ಅಂತರಜಾಲ ತಾಣಗಳು ಹಲವು, ಒಂದೊಂದರ ಎಣಿಕೆಯೂ ಬೇರೆ. ಗೂಗಲ್ ಸ್ಕಾಲರ್ ಪುಸ್ತಕ, ಪ್ರೌಢಪ್ರಬಂಧ, ವರದಿಗಳಲ್ಲಿ ಬಂದ ಉಲ್ಲೇಖಗಳನ್ನೂ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆಯ್ದ ಪ್ರಕಟಣೆಗಳ ಒಳಗೆ ಮಾತ್ರ ಎಣಿಸುತ್ತವೆ. ಆದ್ದರಿಂದ ಯಾವ ಅಂಕಿಯನ್ನು ಹೇಳಿದರೂ ಎಲ್ಲಿ, ಯಾವ ದಿನ ನೋಡಿದ್ದೆಂದು ಜೊತೆಗೆ ಹೇಳಿ. ಒಬ್ಬ ಅರಣ್ಯ ವಿಜ್ಞಾನಿಯ ಅಂಕಿಯನ್ನು ವೈದ್ಯಕೀಯ ಸಂಶೋಧಕರ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಅಲ್ಲಿ ಬರೆಯುವವರ, ಓದುವವರ, ಉಲ್ಲೇಖಿಸುವವರ ಸಂಖ್ಯೆಯೇ ಬೇರೆ. ಅದಕ್ಕಿಂತ ಮುಖ್ಯವಾಗಿ, ಮರ ಬೆಳೆಯುವ ವೇಗವೇ ಬೇರೆ.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ಆಗುವುದಿಲ್ಲ. ಅಂಕಿಗಳನ್ನು ಒಂದು ಸ್ಲೈಡಿನಲ್ಲಿ ಮುಗಿಸಿ, ಪ್ರಬಂಧಗಳನ್ನೇ ತೆರೆದು ಓದಿ. ಎಲ್ಲವನ್ನೂ ಓದಲು ಸಮಯ ಸಿಗದಿದ್ದರೆ ಯಾವುದರಿಂದ ಶುರು ಮಾಡಬೇಕೆಂದು ಹೇಳುತ್ತೇನೆ.

ಸುಕುಮಾರ್ ಅವರ ಹೆಸರು ಮೊದಲು ಕೇಳಿಬಂದದ್ದು ಆನೆಯಿಂದ. ದಕ್ಷಿಣ ಭಾರತದ ಆನೆಗಳ ಮೇಲಿನ ಅವರ ಪಿಎಚ್‌.ಡಿ. ಕೆಲಸವು 1989ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಪುಸ್ತಕವಾಗಿ ಬಂತು. ಆನೆಗಳ ಆಹಾರ ಮತ್ತು ಬೆಳೆ ದಾಳಿಯನ್ನು ಕುರಿತ ಅವರ 1990ರ ಪ್ರಬಂಧವನ್ನು ಓದಿದರೆ, ರಾಗಿ ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ಒಂಟಿ ಗಂಡಾನೆಗಳು ಎಷ್ಟು ಮುಂದೆ ಎಂಬುದು ತಿಳಿಯುತ್ತದೆ. ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಕಾಡಾನೆ ಇಲ್ಲವಾದ್ದರಿಂದ ಇದು ದೂರದ ಮಾತೆನಿಸಬಹುದು. ಆದರೆ ಜಿಂಕೆ, ಹಂದಿಗಳಿಂದ ತೊಗರಿ ಹೊಲ ಕಾಯುವ ರೈತನಿಗೆ ಆ ಪ್ರಬಂಧದ ಪ್ರಶ್ನೆ ತನ್ನದೇ ಎನಿಸುತ್ತದೆ.

ಎರಡನೆಯದಾಗಿ, 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಬಂಧ. ನೀಲಗಿರಿಯ ಜೌಗು ನೆಲದಲ್ಲಿ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತಿರುವ, ಪೀಟ್ ಎಂದು ಕರೆಯುವ ಕಪ್ಪು ಸಸ್ಯಮಣ್ಣನ್ನು ತೆಗೆದು, ಪ್ರತಿ ಪದರದಲ್ಲಿ ಇಂಗಾಲ-13, ಅಂದರೆ ಇಂಗಾಲದ ತುಸು ಭಾರವಾದ ಬಗೆ, ಎಷ್ಟಿದೆ ಎಂದು ಅವರೂ ಅವರ ಸಹಲೇಖಕರೂ ನೋಡಿದರು. ಮರಗಿಡಗಳು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಒಂದು, ಉಷ್ಣವಲಯದ ಬಹುಪಾಲು ಹುಲ್ಲುಗಳು ಹಿಡಿಯುವ ರೀತಿ ಇನ್ನೊಂದು; ಹಾಗಾಗಿ ಎರಡರಲ್ಲಿ ಉಳಿಯುವ ಇಂಗಾಲ-13ರ ಪ್ರಮಾಣವೂ ಬೇರೆ. ನಮ್ಮ ಹೊಲದಲ್ಲೇ ಈ ವ್ಯತ್ಯಾಸ ಇದೆ: ತೊಗರಿ ಮೊದಲ ಗುಂಪಿಗೆ ಸೇರಿದ್ದು, ಜೋಳ ಎರಡನೆಯ ಗುಂಪಿಗೆ. ಆದ್ದರಿಂದ ಪದರದ ಇಂಗಾಲವನ್ನು ಅಳೆದರೆ ಆ ಕಾಲದಲ್ಲಿ ಆ ಬೆಟ್ಟದ ಮೇಲೆ ಕಾಡು ಹೆಚ್ಚಿತ್ತೋ ಹುಲ್ಲು ಹೆಚ್ಚಿತ್ತೋ ಎಂದು ಹೇಳಬಹುದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಅಲ್ಲಿ ಹವೆ ಒಣಗಿ ಹುಲ್ಲು ಹರಡಿತ್ತು ಎಂದು ಆ ಮಣ್ಣು ತಿಳಿಸಿತು.

ಆದರೆ ನನ್ನನ್ನು ಕೇಳಿದರೆ, ನಿಮ್ಮ ಸೆಮಿನಾರಿನ ಅರ್ಧ ಸಮಯವನ್ನು ನೀವು ಕೊಡಬೇಕಾದದ್ದು ಮುದುಮಲೈಗೆ. ತಮಿಳುನಾಡಿನ ಈ ಕಾಡಿನಲ್ಲಿ, ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಎಲೆ ಉದುರುವ ಕಾಡಿನಲ್ಲಿ, 1988ರಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಜಾಗವನ್ನು ಗುರುತು ಮಾಡಲಾಯಿತು. ಅದು 50 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 125 ಎಕರೆ. ಕಿರುಬೆರಳಿನಷ್ಟು, ಅಂದರೆ ಒಂದು ಸೆಂಟಿಮೀಟರ್ ದಪ್ಪವಿರುವ ಗಿಡದಿಂದ ಹಿಡಿದು ದೊಡ್ಡ ಮರಗಳವರೆಗೆ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಜಾತಿ ಬರೆದು, ನಕ್ಷೆಯಲ್ಲಿ ಗುರುತಿಸಿದರು. ಸುಮಾರು 26,000 ಗಿಡಮರಗಳು, ಎಪ್ಪತ್ತರಷ್ಟು ಜಾತಿಗಳು. ಆಮೇಲೆ ಪ್ರತಿ ವರ್ಷ ಹೋಗಿ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ನೋಡಿದರು. ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆದರು. ಇಂಥ ಮೊದಲ 50 ಹೆಕ್ಟೇರ್ ಜಾಗವನ್ನು 1980ರಲ್ಲಿ ಪನಾಮಾದ ಬಾರೋ ಕೊಲೊರಾಡೊ ದ್ವೀಪದಲ್ಲಿ ಗುರುತಿಸಲಾಗಿತ್ತು. ಅದು ಮಳೆಕಾಡು, ಅಲ್ಲಿ ಎರಡು ಲಕ್ಷಕ್ಕೂ ಮೀರಿದ ಗಿಡಮರಗಳು, ಮುನ್ನೂರರಷ್ಟು ಜಾತಿಗಳು. ಬೇರೆ ಬೇರೆ ದೇಶಗಳಲ್ಲಿರುವ ಇಂಥ ಜಾಗಗಳ ಜಾಲದಲ್ಲಿ ಒಣಕಾಡಿನ ಕಥೆಯನ್ನು ಹೇಳುವ ಜಾಗವಾಗಿ ಮುದುಮಲೈ ಸೇರಿಕೊಂಡಿತು.

ಈ ಜಾಗದಿಂದ ಬಂದ ಒಂದು ಪ್ರಬಂಧವನ್ನಾದರೂ ಸಾಲು ಸಾಲಾಗಿ ಓದಿ. ಎಚ್‌.ಎಸ್. ಸುರೇಶ್, ಎಚ್‌.ಎಸ್. ದತ್ತರಾಜ ಮತ್ತು ಸುಕುಮಾರ್ 2010ರಲ್ಲಿ ಫಾರೆಸ್ಟ್ ಇಕಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ಬರೆದದ್ದು. ಹತ್ತೊಂಬತ್ತು ವರ್ಷಗಳ ಮಳೆಯ ಲೆಕ್ಕವನ್ನೂ ಮರಗಳ ಸಾವಿನ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಮಳೆ ಕೈಕೊಟ್ಟ ವರ್ಷದ ಪೆಟ್ಟು ಮರಗಳ ಸಾವಿನಲ್ಲಿ ಕಾಣುವುದು ಎರಡು ಮೂರು ವರ್ಷ ತಡವಾಗಿ ಎಂದು ಅವರಿಗೆ ಗೊತ್ತಾಯಿತು. ಇದನ್ನು ಸ್ವಲ್ಪ ನಿಂತು ಯೋಚಿಸಿ. ಮೂರು ವರ್ಷದ ಯೋಜನೆಯ ಹಣ ಹಿಡಿದು ಬಂದ ಸಂಶೋಧಕರು ಬರಗಾಲದ ವರ್ಷ ಅಳೆದಿದ್ದರೆ, ಮರಗಳು ಗಟ್ಟಿಯಾಗಿಯೇ ನಿಂತಿವೆ, ಬರದಿಂದ ಏನೂ ಆಗಲಿಲ್ಲ ಎಂದು ಪ್ರಾಮಾಣಿಕವಾಗಿಯೇ ಬರೆದು ಹೋಗುತ್ತಿದ್ದರು. ಬರವೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1972ರ ಬರವನ್ನು ಈಗಲೂ ಮನೆಮನೆಯಲ್ಲಿ ನೆನೆಯುವ ಸೀಮೆ ನಮ್ಮದು. ಆದರೆ ಬರ ಮುಗಿದು, ಕೆರೆ ತುಂಬಿ, ಜನ ಮರೆತ ಮೇಲೆ ಕಾಡಿನಲ್ಲಿ ಮರ ಸಾಯುತ್ತದೆ ಎಂಬ ಸಂಗತಿ ಹತ್ತೊಂಬತ್ತು ವರ್ಷ ಅದೇ ಮರಗಳ ಹತ್ತಿರ ಹೋದವರಿಗೆ ಮಾತ್ರ ಕಂಡಿತು.

ಅದೇ ಜಾಗದಲ್ಲಿ ಬೆಂಡೆಮರದ ಕಥೆಯೂ ಇದೆ. ಕಿಡಿಯಾ ಕ್ಯಾಲಿಸಿನಾ ಎಂಬ ಈ ಮರದ ತೊಗಟೆ, ಕೊಂಬೆಗಳೆಂದರೆ ಆನೆಗಳಿಗೆ ಬಹಳ ಇಷ್ಟ. ಮೊದಲ ಎಣಿಕೆಯಲ್ಲಿ ಅದು ಹೇರಳವಾಗಿತ್ತು; ಆನೆಗಳೂ ಬೆಂಕಿಯೂ ಸೇರಿ ಮುಂದಿನ ಎಣಿಕೆಗಳಲ್ಲಿ ಅದನ್ನು ಬಹಳ ಇಳಿಸಿಬಿಟ್ಟವು. ಆನೆಯನ್ನು ಅಧ್ಯಯನ ಮಾಡಿದವರೇ ಮರವನ್ನೂ ಎಣಿಸಿದ್ದರಿಂದ ಈ ಎರಡು ಕೆಲಸಗಳು ಒಂದಕ್ಕೊಂದು ಕೂಡಿಕೊಂಡವು.

ಪ್ರಭಾವ ಎಂಬ ಮಾತಿಗೆ ಬಂದರೆ ಎರಡು ದಾರಿ ತೋರಿಸುತ್ತೇನೆ. ಒಂದು, ಬೇರೆಯವರ ಕೆಲಸಕ್ಕೆ ಆಧಾರವಾದದ್ದು. 2000ದಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಜಗತ್ತಿನ ಆರು ಕಾಡುಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು, ಒಂದು ಜಾತಿಯ ಮರಗಳು ಅಲ್ಲೊಂದು ಇಲ್ಲೊಂದು ಚದುರಿ ಬೆಳೆಯುವುದಕ್ಕಿಂತ ಗುಂಪುಗೂಡಿ ಬೆಳೆಯುವುದೇ ಹೆಚ್ಚು ಎಂದು ತೋರಿಸಿತು. ಆ ಆರರಲ್ಲಿ ಮುದುಮಲೈ ಒಂದು. ಇನ್ನೊಂದು ದಾರಿ ಯಾವ ಸೂಚ್ಯಂಕದಲ್ಲಿಯೂ ಕಾಣುವುದಿಲ್ಲ. ಕರ್ನಾಟಕ ಹೈಕೋರ್ಟ್ ಆನೆ-ಮಾನವ ಸಂಘರ್ಷದ ಬಗ್ಗೆ ನೇಮಿಸಿದ ಕಾರ್ಯಪಡೆಗೆ ಸುಕುಮಾರ್ ಅಧ್ಯಕ್ಷರಾಗಿದ್ದರು. 2012ರಲ್ಲಿ ಸಲ್ಲಿಸಿದ ವರದಿಯಲ್ಲಿ ಆನೆಯನ್ನು ಉಳಿಸಬೇಕಾದ ಪ್ರದೇಶ, ಆನೆಯೂ ಮನುಷ್ಯರೂ ಹೊಂದಿಕೊಂಡು ಇರಬೇಕಾದ ಪ್ರದೇಶ, ಆನೆಯನ್ನು ಹೊರಗೆ ಸಾಗಿಸಬೇಕಾದ ಪ್ರದೇಶ ಎಂದು ಮೂರು ಭಾಗ ಮಾಡಿ ಹೇಳಿದರು. ಒಂದು ನ್ಯಾಯಾಲಯ ಒಬ್ಬ ವಿಜ್ಞಾನಿಯ ಮೂವತ್ತು ವರ್ಷದ ತಿಳಿವಳಿಕೆಯನ್ನು ಕೇಳಿ ಪಡೆದದ್ದನ್ನು ಉಲ್ಲೇಖಗಳ ಸಂಖ್ಯೆ ಹೇಗೆ ಹೇಳೀತು?

ಇನ್ನೊಂದು ಸಣ್ಣ ಮಾತು. ಮೇಲಿನ 2010ರ ಪ್ರಬಂಧದಲ್ಲಿ ಸುಕುಮಾರ್ ಹೆಸರು ಕೊನೆಗಿದೆ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚಿನ ಕೆಲಸ ಮಾಡಿದವರದು, ಕೊನೆಯ ಹೆಸರು ಆ ತಂಡವನ್ನು ನಡೆಸಿದವರದು. ಆದ್ದರಿಂದ ಸೆಮಿನಾರಿನಲ್ಲಿ ಎಲ್ಲವನ್ನೂ ಒಬ್ಬರ ಲೆಕ್ಕಕ್ಕೇ ಬರೆಯದೆ, ಉಳಿದವರ ಹೆಸರುಗಳನ್ನೂ ದಯವಿಟ್ಟು ಹೇಳಿ.

ಪ್ರಶ್ನೆ: ನಾನು ಕಾಡಿನಲ್ಲಿ ವಾಚರ್ ಆಗಿ ದುಡಿದು ನಿವೃತ್ತನಾದವನು. ಹೊರಗಿನಿಂದ ಬಂದ ಎಷ್ಟೋ ಸಂಶೋಧಕರಿಗೆ ದಾರಿ ತೋರಿಸಿದ್ದೇನೆ, ಗಿಡಗಳ ಹೆಸರು ಹೇಳಿದ್ದೇನೆ. ಅವರು ಬರೆದದ್ದನ್ನು ಒಂದನ್ನೂ ನಾನು ಕಂಡಿಲ್ಲ. ನಮ್ಮ ಪಾಲು ಯಾವ ಲೆಕ್ಕದಲ್ಲಿ ಬರುತ್ತದೆ?
— ಓದುಗರು, ಚಿಂಚೋಳಿ ತಾಲ್ಲೂಕು

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನೇರವಾಗಿ ಹೇಳಬೇಕೆಂದರೆ, ಉಲ್ಲೇಖಗಳ ಲೆಕ್ಕದಲ್ಲಿ ನಿಮ್ಮ ಪಾಲು ಎಲ್ಲಿಯೂ ಬರುವುದಿಲ್ಲ. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಎಂದು ನಾಲ್ಕು ಸಾಲು ಇರುತ್ತದೆ. ಒಳ್ಳೆಯ ಸಂಶೋಧಕರು ಅಲ್ಲಿ ಹೆಸರು ಹಿಡಿದು ನೆನೆಯುತ್ತಾರೆ, ಉಳಿದವರು "ಅರಣ್ಯ ಸಿಬ್ಬಂದಿಗೆ" ಎಂದು ಮುಗಿಸುತ್ತಾರೆ. ಆ ಸಾಲುಗಳನ್ನು ಯಾರೂ ಎಣಿಸುವುದಿಲ್ಲ.

ಇದು ನನಗೆ ತಪ್ಪೆನಿಸಿದೆ, ಅದಕ್ಕೆ ಕಾರಣವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಮಾರ್ಚ್ ತಿಂಗಳಲ್ಲಿ ಚಂದ್ರಂಪಳ್ಳಿ ಜಲಾಶಯದ ಮೇಲಿನ ಗುಡ್ಡದಲ್ಲಿ ಮರ ಅಳೆಯುವ ಗುಂಪಿನ ಜೊತೆ ಹೋಗಿದ್ದೆ. ಒಂದು ಮರದ ಮೇಲೂ ಎಲೆಯಿಲ್ಲ, ಹೂವಿಲ್ಲ. ಪುಸ್ತಕ ಓದಿದ ನಾವು ಬೋಳು ಕೊಂಬೆಗಳ ಕೆಳಗೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಜೊತೆಗಿದ್ದ ತಾಂಡಾದ ಹಿರಿಯರೊಬ್ಬರು ಮಾತಾಡದೆ ಒಂದು ಕಾಂಡದ ಮೇಲೆ ಅಂಗೈ ಇಟ್ಟು ಸವರಿದರು: ನುಣುಪಾದ ಬೂದುಬಿಳಿ ತೊಗಟೆ, ಅದು ದಿಂಡಿಗ. ಪಕ್ಕದ್ದರ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಸೀಳಿತ್ತು, ಅದು ಮತ್ತಿ. ಮೂರನೆಯದಕ್ಕೆ ಕುಡುಗೋಲಿನ ತುದಿಯಿಂದ ಉಗುರಿನಷ್ಟು ಗೀರಿ ಮೂಸಿ ನೋಡಿ ಹೆಸರು ಹೇಳಿದರು. ಆ ದಿನ ನಾವು ಹಾಳೆಯಲ್ಲಿ ಬರೆದುಕೊಂಡ ಹೆಸರುಗಳಲ್ಲಿ ಹೆಚ್ಚಿನವು ಅವರು ಹೇಳಿದವು. ಜಾತಿಯ ಹೆಸರು ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಹಾಗಾದರೆ ಆ ಪ್ರಬಂಧದ ಬುಡ ಯಾರ ಕೈಯಲ್ಲಿತ್ತು?

ಈಗ ಪರಿಸ್ಥಿತಿ ಸ್ವಲ್ಪ ಬದಲಾಗುತ್ತಿದೆ. ಅನೇಕ ಪತ್ರಿಕೆಗಳು ಯಾರು ಯಾವ ಕೆಲಸ ಮಾಡಿದರು ಎಂದು ಹದಿನಾಲ್ಕು ಬಗೆಯ ಪಾತ್ರಗಳಲ್ಲಿ ಬಿಡಿಸಿ ಬರೆಯುವಂತೆ ಕೇಳುತ್ತಿವೆ, ಅದರಲ್ಲಿ ಮಾಹಿತಿ ಸಂಗ್ರಹವೂ ಒಂದು. ಮಾಹಿತಿ ಸಂಗ್ರಹಕ್ಕೆ ಹೆಗಲು ಕೊಟ್ಟ ಕ್ಷೇತ್ರ ಸಹಾಯಕರನ್ನು ಸಹಲೇಖಕರನ್ನಾಗಿ ಸೇರಿಸಿಕೊಳ್ಳುವುದು ಉದಾರತೆಯಲ್ಲ, ಸರಿಯಾದ ಲೆಕ್ಕ.

ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಹೇಳುತ್ತೇನೆ. ಚಿಂಚೋಳಿಯನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಅಂಥ ಕಡೆ ಸಂಶೋಧನೆ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಕೆಲಸ ಮುಗಿದ ಮೇಲೆ ವರದಿ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ವಲಯ ಅರಣ್ಯ ಕಚೇರಿಗೆ ಹೋಗಿ, ನೀವು ಇದ್ದ ವರ್ಷಗಳಲ್ಲಿ ಬಂದವರ ವರದಿಗಳನ್ನು ತೋರಿಸುವಂತೆ ಕೇಳಿ. ಇಂಗ್ಲಿಷಿನಲ್ಲಿದ್ದರೆ ಪ್ರತಿಯನ್ನು ನಮಗೆ ಕಳುಹಿಸಿ, ನಿಮ್ಮ ಕಾಡಿನ ಬಗ್ಗೆ ಏನು ಬರೆದಿದ್ದಾರೆಂದು ನಾನು ಕನ್ನಡದಲ್ಲಿ ಬರೆದು ತಿಳಿಸುತ್ತೇನೆ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಐದು ದಿನದಲ್ಲಿ ಪ್ರಬಂಧ ಪ್ರಕಟಿಸುತ್ತೇವೆ, ಶುಲ್ಕ ಇಷ್ಟು ಎಂದು ಒಂದು ಅಂತರರಾಷ್ಟ್ರೀಯ ಪತ್ರಿಕೆಯಿಂದ ಇ-ಮೇಲ್ ಬಂದಿದೆ. ಕಳುಹಿಸಲೇ?
— ಓದುಗರು, ಯಾದಗಿರಿ

ಉತ್ತರ: ಬೇಡ. ಪ್ರಬಂಧವನ್ನು ಆ ವಿಷಯ ಬಲ್ಲ ಇಬ್ಬರು ಮೂವರು ಓದಿ, ತಪ್ಪು ಹೇಳಿ, ನೀವು ತಿದ್ದಿ ಮತ್ತೆ ಕಳುಹಿಸಲು ತಿಂಗಳುಗಳೇ ಬೇಕಾಗುತ್ತವೆ. ಐದು ದಿನದಲ್ಲಿ ಆಗುವುದು ಹಣದ ವ್ಯವಹಾರ ಮಾತ್ರ. ಈ ಪಿಡುಗು ಎಷ್ಟು ಬೆಳೆದಿತ್ತೆಂದರೆ 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಸಲಕ್ಕೆ ಕೈಬಿಟ್ಟಿತು. ಸಂಪಾದಕ ಮಂಡಳಿಯಲ್ಲಿರುವ ಒಬ್ಬಿಬ್ಬರಿಗೆ ನೀವೇ ಪತ್ರ ಬರೆದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ ಎನ್ನುವವರು ಸಿಗುತ್ತಾರೆ. ಅತಿಥಿ ಉಪನ್ಯಾಸಕರ ಸಂಬಳ, ಅಂಕಗಳ ಒತ್ತಡ ಎರಡೂ ನನಗೆ ಗೊತ್ತು, ಆದ್ದರಿಂದಲೇ ಆ ಹಣವನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯನ್ನು ನೋಡಿ. ಮುದುಮಲೈ ಜಾಗದ ಮೊದಲ ಎಣಿಕೆಯ ವಿವರ 1992ರಲ್ಲಿ ಬಂದದ್ದು ಅದರಲ್ಲಿಯೇ.

ಪ್ರಶ್ನೆ: ಪಶ್ಚಿಮ ಘಟ್ಟ, ಮುದುಮಲೈ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಬೀದರ್, ಕಲಬುರಗಿ ಕಡೆಯ ಕಾಡುಗಳನ್ನು ಯಾರೂ ಏಕೆ ಓದಿಲ್ಲ? ಪ್ರೌಢಶಾಲೆಯ ಶಿಕ್ಷಕಿಯಾಗಿ ನಾನು ಮಕ್ಕಳಿಂದ ಏನಾದರೂ ಮಾಡಿಸಬಹುದೇ?
— ಓದುಗರು, ಹುಮನಾಬಾದ್

ಉತ್ತರ: ಯಾರೂ ಓದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಆದರೆ ತಡವಾಯಿತು ಎಂಬುದು ನಿಜ. ಇದರ ಹಿಂದೆ ಒಂದು ಚರಿತ್ರೆ ಇದೆ. ಬ್ರಿಟಿಷರ ಕಾಲದಲ್ಲಿ ಸಸ್ಯಗಳ ದೊಡ್ಡ ಗ್ರಂಥಗಳು ಪ್ರಾಂತ್ಯವಾರು ತಯಾರಾದವು. ಮುಂಬೈ ಪ್ರಾಂತ್ಯದ ಸಸ್ಯಗಳ ಗ್ರಂಥ 1901ರಿಂದ 1908ರವರೆಗೆ ಬಂತು, ಮದ್ರಾಸ್ ಪ್ರಾಂತ್ಯದ್ದು 1915ರಲ್ಲಿ ಶುರುವಾಯಿತು. ಧಾರವಾಡ, ವಿಜಯಪುರಗಳು ಮೊದಲನೆಯದರಲ್ಲಿ ಸೇರಿದವು, ಬಳ್ಳಾರಿ ಎರಡನೆಯದರಲ್ಲಿ. ನಮ್ಮದು ನಿಜಾಮರ ಸೀಮೆ; ಎರಡರ ನಡುವೆ ಉಳಿದುಬಿಟ್ಟಿತು. ಇಂದಿಗೂ ನಮ್ಮ ವಿದ್ಯಾರ್ಥಿಗಳು ಗಿಡ ಗುರುತಿಸಲು ಪಕ್ಕದ ಸೀಮೆಗಳ ಗ್ರಂಥಗಳನ್ನು ತೆರೆಯುವುದನ್ನು ನೋಡಿದರೆ ಆ ಗೆರೆ ಎಷ್ಟು ಆಳವಾಗಿ ಎಳೆದದ್ದೆಂದು ತಿಳಿಯುತ್ತದೆ.

ಗುಲ್ಬರ್ಗ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ಗುಲ್ಬರ್ಗ ವಿಶ್ವವಿದ್ಯಾಲಯ 2000ದಲ್ಲಿ ಹೊರತಂದಿತು. ಆಗ ಯಾದಗಿರಿಯೂ ಅದೇ ಜಿಲ್ಲೆಯ ಒಳಗಿದ್ದುದರಿಂದ ಆ ಭಾಗವೂ ಅದರಲ್ಲಿ ಸೇರಿದೆ. ಸಸ್ಯಗ್ರಂಥವೊಂದನ್ನು ತಯಾರಿಸುವುದೆಂದರೆ ವರ್ಷಗಟ್ಟಲೆ ಹೊಲದ ಬದು, ಹಳ್ಳ, ಗುಡ್ಡ ಸುತ್ತಿ, ಗಿಡ ಒತ್ತಿ ಒಣಗಿಸಿ, ಒಂದೊಂದಕ್ಕೂ ಹೆಸರು ಹಚ್ಚುವ ಕೆಲಸ. ಆಮೇಲೆ ಬಂದ ಪ್ರತಿಯೊಬ್ಬ ಸಂಶೋಧಕರೂ ಅಂಥ ಗ್ರಂಥವನ್ನು ಕೈಯಲ್ಲಿ ಹಿಡಿದು ಕಾಡಿಗೆ ಹೋಗುತ್ತಾರೆ, ಪ್ರಬಂಧ ಬರೆಯುವಾಗ ಅದನ್ನು ಉಲ್ಲೇಖಿಸಲು ಎಷ್ಟೋ ಸಲ ಮರೆಯುತ್ತಾರೆ.

ಈಗ ನಿಮ್ಮ ಶಾಲೆಯ ಮಾತು. ಖಂಡಿತ ಮಾಡಿಸಬಹುದು. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಅನೇಕ ಶಾಲೆಗಳ ಮಕ್ಕಳು ತಾವು ಆರಿಸಿಕೊಂಡ ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂ, ಕಾಯಿ ಬರೆದು ಕಳುಹಿಸುತ್ತಾರೆ. ಬೇವು, ಹುಣಸೆ, ಹೊಂಗೆ, ಮುತ್ತುಗ, ನಿಮ್ಮ ಸೀಮೆಯ ಸೀತಾಫಲ, ಯಾವುದಾದರೂ ಆಗಲಿ, ಅದೇ ಮರಕ್ಕೆ ಮತ್ತೆ ಮತ್ತೆ ಹೋಗುವುದು ಮುಖ್ಯ.

ಅಳೆಯುವುದನ್ನೂ ಕಲಿಸಿ. ದರ್ಜಿಯ ಟೇಪು ಸಾಕು. ನೆಲದಿಂದ 1.3 ಮೀಟರ್ ಎತ್ತರದ ಒಂದು ಕೋಲು ಕತ್ತರಿಸಿಟ್ಟುಕೊಂಡು, ಅದನ್ನು ಕಾಂಡಕ್ಕೆ ಆನಿಸಿ, ಕೋಲಿನ ತುದಿಗೆ ಸರಿಯಾಗಿ ಬಣ್ಣದಲ್ಲಿ ತೆಳುವಾದ ಗೆರೆ ಎಳೆಸಿ. ಇಳಿಜಾರಿನಲ್ಲಿದ್ದರೆ ಮೇಲಿನ ಬದಿಯಿಂದ ಅಳೆಯಿರಿ. ಟೇಪು ವಾರೆಯಾಗದಂತೆ, ತೊಗಟೆಯ ಮೇಲಿನ ಬಳ್ಳಿ, ಗೆದ್ದಲಿನ ಮಣ್ಣು ತೆಗೆದು ಸುತ್ತಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಮರ ಸಣ್ಣದಾಯಿತೆಂಬ ಲೆಕ್ಕ ಬಂದು ಮಕ್ಕಳು ಗಾಬರಿಯಾಗುತ್ತಾರೆ. ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಎಂಟನೆಯ ತರಗತಿಯ ಮಗು ಬರೆದ ಹಾಳೆಯನ್ನು ಹತ್ತನೆಯ ತರಗತಿಗೆ ಹೋಗುವಾಗ ಕೆಳಗಿನ ತರಗತಿಯ ಮಗುವಿಗೆ ಒಪ್ಪಿಸುವಂತೆ ಮಾಡಿ, ಒಂದು ಪ್ರತಿಯನ್ನು ಮುಖ್ಯ ಗುರುಗಳ ಅಲಮಾರಿಯಲ್ಲಿ ಇಡಿ. ಪ್ರತಿ ಹಾಳೆಯ ಮೇಲೆ ದಿನಾಂಕ, ಅಳೆದವರ ಹೆಸರು, ಆ ವರ್ಷ ನಿಮ್ಮೂರಲ್ಲಿ ಮಳೆ ಎಷ್ಟಾಯಿತು ಎಂಬ ಮೂರು ಸಂಗತಿಗಳು ತಪ್ಪದೆ ಇರಲಿ.